ವರ್ನಿಯರ್ ಮಾವನ ಹೀಟರ್

ನನ್ನ ದೊಡ್ಡ ಸೋದರಮಾವನಿಗೆ ಹೆತ್ತವರಿಟ್ಟ ಹೆಸರೊಂದಿದೆ. ಅದನ್ನು ಬಳಸುವವರು ಬ್ಯಾಂಕಿನವರು ಮತ್ತು ಅಂಚೆಯವನು ಮಾತ್ರ. ಉಳಿದವರಿಗೆಲ್ಲ ಅವರು ವರ್ನಿಯರ್ ಮಾವ. ಪಂಪು ತಯಾರಿಸುವ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ದುಡಿದವರು. ಕೂದಲೆಳೆಯ ದಪ್ಪವನ್ನೂ ಹೇಳಿಬಿಡುವ, ವರ್ನಿಯರ್ ಎಂಬ ಉಕ್ಕಿನ ಅಳತೆಗೋಲು ಬೇರೆಯವರು ಪೆನ್ನಿಡುವ ಜೇಬಿನಲ್ಲಿ ಅವರ ಜೊತೆಗೇ ಇರುತ್ತಿತ್ತು, ಈಗಲೂ ಇರುತ್ತದೆ. ನಿವೃತ್ತಿಯ ದಿನ ಜೊತೆಗಾರರು ಗೋಡೆ ಗಡಿಯಾರ ಕೊಟ್ಟರೆ, ಹಿಂದಿನ ಮೊಳೆಯ ತೂತು ಮಧ್ಯಕ್ಕಿಲ್ಲ ಎಂದು ಮಾರನೆಯ ದಿನವೇ ವಾಪಸು ಕೊಟ್ಟು ಬಂದರು. ಇದನ್ನು ಹೇಳಿಕೊಂಡು ಜನ ನಗುತ್ತಾರೆ. ನನಗೆ ನಗು ಬರುವುದಿಲ್ಲ, ನನ್ನ ಮದುವೆಯ ಕರೆಯೋಲೆಯ ಅಂಚನ್ನೂ ಅವರು ಅಳೆದಿದ್ದಾರೆ.

ಅವರ ತಮ್ಮ, ನನ್ನ ಚಿಕ್ಕ ಮಾವ, ಇದಕ್ಕೆ ಪೂರ್ತಿ ತದ್ವಿರುದ್ಧ. ಕಾರು ರಿಪೇರಿ ಅವನ ಕಸುಬು. ಅಳೆಯುವುದು ಕಣ್ಣಲ್ಲಿ, ಬಿಗಿ ನೋಡುವುದು ಹೆಬ್ಬೆರಳಲ್ಲಿ. ಅವನ ಅಡ್ಡಹೆಸರೇ ಅಂದಾಜು. ಅವನನ್ನು ನಾವು ಮಕ್ಕಳು ಏಕವಚನದಲ್ಲೇ ಕರೆದು ಬೆಳೆದವರು, ಅವನಿಗೂ ಅದೇ ಇಷ್ಟ. ‘ಮೈಮೇಲಿನ ಕೋಟನ್ನೇ ಬಸ್ಸಲ್ಲಿ ಮರೆತು ಬಂದವನು’ ಎಂದು ದೊಡ್ಡ ಮಾವ ಅವನನ್ನು ವರ್ಷಗಟ್ಟಲೆ ಹಂಗಿಸಿದ್ದುಂಟು. ಏಳು ವರ್ಷದ ಹಿಂದೆ ಅವನು ಹೊಸ ಗ್ಯಾರೇಜು ತೆರೆದ ದಿನ ದೊಡ್ಡ ಮಾವ ನೆಂಟರೆಲ್ಲರ ಎದುರು ಬಾಗಿಲ ಚೌಕಟ್ಟನ್ನು ಅಳೆದು, ಮೇಲಕ್ಕೂ ಕೆಳಕ್ಕೂ ಒಂಬತ್ತು ಮಿಲಿಮೀಟರ್ ವ್ಯತ್ಯಾಸ ಎಂದು ಸಾರಿದರು. ಹಾಗಾದರೆ ಈ ಬಾಗಿಲು ದಾಟಬೇಡ ಎಂದ ತಮ್ಮ. ಅಣ್ಣ ದಾಟಲಿಲ್ಲ. ಅಲ್ಲಿಂದಾಚೆಗೆ ಇಬ್ಬರೂ ಎಣ್ಣೆ ಸೀಗೆಕಾಯಿ.

ದೊಡ್ಡ ಮಾವನ ಕಾರಿಗೆ ನನಗಿಂತ ಹೆಚ್ಚು ವಯಸ್ಸು. ತಿಳಿಹಸಿರು ಬಣ್ಣದ ಪುಟ್ಟ ಗಾಡಿ, ಮದುವೆಯಾದ ಮರುವರ್ಷ ಕೊಂಡದ್ದು. ಶೋಕಿಗೆ ಇಟ್ಟುಕೊಂಡದ್ದಲ್ಲ, ಅದೀಗ ಅತ್ತೆಯ ಜೀವನಾಡಿ. ಅತ್ತೆ ಹೊಲಿಗೆಯವರು. ಕಳೆದ ವರ್ಷದಿಂದ ಅವರಿಗೆ ರಕ್ತನಾಳದ ತೊಂದರೆ. ಚಳಿ ತಾಕಿದರೆ ಬೆರಳು ಬಿಳಿಚಿಕೊಂಡು ಆಮೇಲೆ ನೀಲಿಗಟ್ಟುತ್ತವೆ. ಈ ಚಳಿಗಾಲ ಜೋಪಾನ ಮಾಡದಿದ್ದರೆ ಒಂದೆರಡು ಬೆರಳು ಉಳಿಯಲಿಕ್ಕಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಪ್ರತಿ ಬುಧವಾರ ಗುಡ್ಡದಾಚೆಯ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕು, ಒಂದೂವರೆ ಗಂಟೆಯ ದಾರಿ. ಬಸ್ಸಿನ ಬಾಗಿಲು ಸ್ಟಾಪಿಗೊಮ್ಮೆ ತೆರೆದು ಗಾಳಿ ಒಳಗೆ ಬರುತ್ತದೆ. ನಮ್ಮದು ಹಿಮ ಬೀಳುವ ಊರು, ಅಂಥ ದಿನ ಟ್ಯಾಕ್ಸಿಯವರು ಗುಡ್ಡ ಹತ್ತುವುದಿಲ್ಲ. ಉಳಿದದ್ದು ಈ ಕಾರು.

ಚಳಿಗಾಲಕ್ಕೆ ಐದು ವಾರ ಇದೆ ಎನ್ನುವಾಗ ಕಾರಿನೊಳಗೆ ಒಂಥರಾ ಸಿಹಿ ವಾಸನೆ ಶುರುವಾಯಿತು. ಗಾಜಿನ ಒಳಮೈ ಮಬ್ಬಾಯಿತು, ಅತ್ತೆಯ ಕಾಲ ಕೆಳಗಿನ ಹಾಸು ಒದ್ದೆ. ಹೀಟರ್ ಕೋರ್ ತೂತಾಗಿತ್ತು. ಡ್ಯಾಶ್‌ಬೋರ್ಡಿನ ಹಿಂದೆ ತಗಡಿನ ಪೆಟ್ಟಿಗೆಯೊಳಗೆ ಕೂತಿರುವ, ಪುಸ್ತಕದಷ್ಟಗಲದ ಪುಟ್ಟ ರೇಡಿಯೇಟರ್ ಅದು. ಎಂಜಿನ್ನಿನ ಬಿಸಿನೀರು ಅದರಲ್ಲಿ ಹರಿಯುತ್ತದೆ, ಫ್ಯಾನು ಅದರ ಮೂಲಕ ಗಾಳಿ ಊದುತ್ತದೆ, ಒಳಗೆ ಕೂತವರಿಗೆ ಬೆಚ್ಚಗಾಗುತ್ತದೆ.

ಮಾವ ತಾವೇ ಡ್ಯಾಶ್‌ಬೋರ್ಡು ಬಿಚ್ಚಿದರು. ಟಾರ್ಚು ಹಿಡಿಯುವ ಭಾಗ್ಯ ನನ್ನದು. ಕೋರಿನ ಸುತ್ತ ತುರುಕಿದ್ದ ಬಟ್ಟೆಯ ಚಿಂದಿ ಕಪ್ಪಗಾಗಿ ಲಡ್ಡು ಹಿಡಿದಿತ್ತು. ಅದನ್ನು ಕಿತ್ತು, ‘ರಿಜೆಕ್ಟ್’ ಎಂದು ಬರೆದಿಟ್ಟ ತಗಡಿನ ಡಬ್ಬಿಗೆ ಹಾಕಿದರು. ಆ ಡಬ್ಬಿಗೆ ಬಿದ್ದದ್ದು ವರ್ಷದ ಕೊನೆಯವರೆಗೂ ಅಲ್ಲೇ ಇರಬೇಕು, ಕಾರ್ಖಾನೆಯ ಕಟ್ಟಳೆ. ಆಮೇಲೆ ಹಳೆ ಕೋರನ್ನು ಎರಡೆರಡು ಸಲ ಅಳೆದು, ಉದ್ದ ನೂರ ಎಂಬತ್ನಾಲ್ಕು ಮಿಲಿಮೀಟರ್ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಹಳೆ ಕಾರುಗಳ ಬಿಡಿಭಾಗ ಮಾರುವವನೊಬ್ಬನಿಗೆ ಕಾರಿನ ನಂಬರು, ಮಾಡೆಲ್ಲು ಎಲ್ಲ ಬರೆದು ತರಿಸಿದ ಕೋರು ಇನ್ನೂರ ಮೂರು ಮಿಲಿಮೀಟರ್ ಇತ್ತು. ಮಾವ ಅದನ್ನು ಪೆಟ್ಟಿಗೆಯ ಹತ್ತಿರಕ್ಕೂ ಒಯ್ಯಲಿಲ್ಲ. ಕೆಂಪು ಶಾಯಿಯಲ್ಲಿ ಎರಡು ಪುಟದ ಪತ್ರ ಬರೆದು ಹಿಂದಕ್ಕೆ ಕಳಿಸಿದರು. ಇನ್ನೊಂದು ಊರಿನ ಅಂಗಡಿಯವನೂ ಅದೇ ಇನ್ನೂರ ಮೂರು ಕಳಿಸಿದ. ಅವನಿಗೂ ಎರಡು ಪುಟ. ಇಬ್ಬರೂ ಒಂದೇ ಅಳತೆ ಕಳಿಸಿದ್ದಾರಲ್ಲ ಮಾವ, ತಪ್ಪು ನಮ್ಮ ಕಡೆ ಇರಬಹುದಾ ಎಂದು ಕೇಳಿದೆ. ಅವರು ನನ್ನನ್ನು ಆ ನಿವೃತ್ತಿಯ ಗಡಿಯಾರ ನೋಡಿದ ಹಾಗೆ ನೋಡಿದರು. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಹತ್ತಿರ ನಾಲ್ಕನೇ ಕಾಲಿನ ಮಾತೆತ್ತಬಾರದು. ನಾಲ್ಕು ವಾರ ಹೀಗೇ ಕಳೆಯಿತು. ಅತ್ತೆ ಎರಡು ಜೊತೆ ಕೈಗವಸು ಹಾಕಿಕೊಂಡು ಬಿಸಿಯಿಲ್ಲದ ಕಾರಿನಲ್ಲೇ ಬುಧವಾರ ಹೋಗಿಬರುತ್ತಿದ್ದರು, ಬಂದಮೇಲೆ ಸೂಜಿಗೆ ದಾರ ಪೋಣಿಸಲಾಗದೆ ನನ್ನನ್ನು ಕರೆಯುತ್ತಿದ್ದರು.

ಕೊನೆಗೆ ಮಾವ ರೇಡಿಯೇಟರ್ ಬೆಸುಗೆಯವನ ಬೆನ್ನು ಹತ್ತಿ, ಹಳೆಯದರ ಪಡಿಯಚ್ಚನ್ನೇ ಮಾಡಿಸಿಕೊಂಡು ಬಂದರು. ನೂರ ಎಂಬತ್ನಾಲ್ಕು, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿಯಿಲ್ಲ. ಒಳಗಿಟ್ಟು ಕೊಳವೆ ಸೇರಿಸಿ ಎಂಜಿನ್ನು ಚಾಲೂ ಮಾಡಿದರೆ, ಕೋರು ಪೆಟ್ಟಿಗೆಯೊಳಗೆ ಗಡಗಡ ಅಲ್ಲಾಡಿತು. ಫ್ಯಾನಿನ ಗಾಳಿ ಅದರ ಮೂಲಕ ಹಾಯದೆ ಸುತ್ತಲಿನ ಸಂದಿನಿಂದ ತಣ್ಣಗೇ ಹೊರಗೆ ಬಂತು. ಅತ್ತೆ ಕೂರುವ ಸೀಟಿನಲ್ಲಿ ಕೂತು ಮಾವ ಗಾಳಿಗೆ ಅಂಗೈಯೊಡ್ಡಿ ಒಂದು ಗಂಟೆ ಕಳೆದರು. ಅಂದು ಭಾನುವಾರ. ಬುಧವಾರ ಹಿಮ ಬೀಳುತ್ತದೆಂದು ರೇಡಿಯೋ ಬೆಳಗ್ಗೆಯಿಂದ ಹೇಳುತ್ತಿತ್ತು. ನನಗೆ ಆ ಮನುಷ್ಯನನ್ನು ನೋಡಿ ಮೊದಲ ಸಲ ಅಯ್ಯೋ ಅನ್ನಿಸಿತು.

ಅತ್ತೆ ಟೀ ತಂದರು. ಲೋಟ ಇಡಲು ಜಾಗ ಹುಡುಕುತ್ತ ರಿಜೆಕ್ಟ್ ಡಬ್ಬಿಯ ಹತ್ತಿರ ಬಗ್ಗಿದವರು, ಅದರೊಳಗಿನ ಚಿಂದಿ ತೆಗೆದು ಬೆಳಕಿಗೆ ಹಿಡಿದರು.

“ಇದು ನನ್ನ ಹೊಲಿಗೆ,” ಎಂದರು. “ಇದ್ಯಾಕೆ ಕಿತ್ತು ಹಾಕಿದ್ರಿ?”

ಆಮೇಲೆ ಹೇಳಿದ್ದು ಇಷ್ಟು. ಮೂವತ್ತೊಂದು ವರ್ಷದ ಹಿಂದೆ ಮಾವ ತರಬೇತಿಗೆಂದು ಎರಡು ತಿಂಗಳು ದೂರದೂರಿಗೆ ಹೋಗಿದ್ದರು. ಅತ್ತೆ ತುಂಬು ಬಸುರಿ, ಹೊರಗೆ ಕೊರೆಯುವ ಚಳಿ, ಕಾರಿನ ಹೀಟರ್ ಕೆಟ್ಟಿತು. ಮೈದುನ ಯಾವುದೋ ಗುಜರಿ ಕಾರಿನ ಕೋರು ತಂದು ಹಾಕಿದ. ಅದು ಚಿಕ್ಕದು. ಸಂದು ಮುಚ್ಚಲು ತನ್ನ ಕೋಟನ್ನೇ ಪಟ್ಟಿಪಟ್ಟಿಯಾಗಿ ಕತ್ತರಿಸಿದ, ಅತ್ತೆ ಮಡಚಿ ಹೊಲಿದುಕೊಟ್ಟರು. ಅಣ್ಣನಿಗೆ ಹೇಳಬೇಡಿ ಅತ್ತಿಗೆ, ಅಳತೆ ಇಲ್ಲ ಅಂತ ಕಿತ್ತು ಬಿಸಾಕ್ತಾನೆ, ನೀವು ಚಳೀಲಿ ಸಾಯ್ತೀರಿ ಎಂದಿದ್ದ. ಇವರು ಹೇಳಲಿಲ್ಲ. ಈಗಿನ ಅಳತೆಯ ರಗಳೆಗೂ ಆ ಪಟ್ಟಿಗೂ ಸಂಬಂಧ ಇದೆಯೆಂದು ಅವರಿಗೆ ಹೊಳೆದೂ ಇರಲಿಲ್ಲ.

“ಕೋಟು ಬಸ್ಸಲ್ಲಿ ಮರ್ತೆ ಅಂದಿದ್ನಲ್ಲ,” ಎಂದರು ಮಾವ.

“ಅವನಿಗೆ ಇದ್ದಿದ್ದೇ ಅದೊಂದು ಕೋಟು. ಆ ವರ್ಷ ಪೂರ್ತಿ ಅಂಗಿ ಮೇಲೆ ಅಂಗಿ ಹಾಕ್ಕೊಂಡು ಓಡಾಡ್ದ. ನೀವು ದಿನಾ ಬೈತಿದ್ರಿ.”

ಮಾವ ವರ್ನಿಯರ್ ತೆಗೆದು ಕೋರು ಕೂರುವ ತಗಡಿನ ಪೆಟ್ಟಿಗೆಯನ್ನು ಅಳೆದರು. ಐದು ವಾರದಲ್ಲಿ ಅದನ್ನು ಅಳೆದದ್ದು ಅದೇ ಮೊದಲು. ಇನ್ನೂರ ಐದು. ವಾಪಸು ಕಳಿಸಿದ ಎರಡೂ ಕೋರುಗಳು ಅದರಲ್ಲಿ ಸರಿಯಾಗಿ ಕೂರುತ್ತಿದ್ದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ ಮಾವ ಎಂದು ನಾನು ಅಂದೇಬಿಟ್ಟೆ. ಅವರು ನೋಟ್‌ಬುಕ್ಕಿನ ನೂರ ಎಂಬತ್ನಾಲ್ಕನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಸೋಮವಾರ ಬೆಳಗ್ಗೆ ಅಂಗಡಿಯವರಿಬ್ಬರಿಗೂ ಫೋನು ಮಾಡಿದರೆ, ಎರಡೂ ಮಾರಿಹೋಗಿದ್ದವು. ಇನ್ನೊಂದು ಬರಲು ಮೂರು ವಾರ.

ಮಾವ ಕೋಟು ಹಾಕಿಕೊಂಡು ಹೊರಟರು. ವರ್ನಿಯರನ್ನು ಮೇಜಿನ ಮೇಲಿಟ್ಟದ್ದನ್ನು ನಾನು ನೋಡಿದೆ, ಅವರ ಹಿಂದೆಯೇ ನಡೆದೆ. ತಮ್ಮನ ಗ್ಯಾರೇಜಿನ ಬಾಗಿಲು ನೆಲಕ್ಕೆ ಕಿರ್ರೆಂದು ಉಜ್ಜುತ್ತ ತೆರೆಯಿತು, ಅವರು ಚೌಕಟ್ಟಿನ ಕಡೆ ತಲೆಯೆತ್ತಲಿಲ್ಲ. ಚಿಕ್ಕ ಮಾವ ಯಾವುದೋ ಗಾಡಿಯ ಕೆಳಗಿನಿಂದ ತೆವಳಿಕೊಂಡು ಎದ್ದು, ಕೈ ಒರೆಸಿಕೊಳ್ಳುತ್ತ ನಿಂತ. ದೊಡ್ಡ ಮಾವ ಆ ಚಿಂದಿಯನ್ನು ಬೆಂಚಿನ ಮೇಲಿಟ್ಟರು. ಆಮೇಲೆ ಮೈಮೇಲಿದ್ದ ಕೋಟು ಬಿಚ್ಚಿ ಅದರ ಪಕ್ಕದಲ್ಲಿಟ್ಟರು.

“ಬುಧವಾರ ಅವಳು ಗುಡ್ಡ ದಾಟ್ಬೇಕು,” ಎಂದರು. “ಇದನ್ನ ಕತ್ತರಿಸು.”

ಚಿಕ್ಕ ಮಾವ ಕೋಟಿನ ಬಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಒಳ್ಳೆ ಉಣ್ಣೆ ಅಣ್ಣಾ. ಎಷ್ಟಗಲ ಬೇಕು?”

“ನೀನು ಹೇಳು.”

“ಅಂದಾಜು ಎರಡು ಬೆರಳು.”

“ಸರಿ,” ಎಂದರು ಅಣ್ಣ. ಜೀವಮಾನದಲ್ಲಿ ಆ ಬಾಯಿಂದ ಅಂಥದ್ದಕ್ಕೆ ಸರಿ ಎಂಬ ಮಾತು ನಾನು ಕೇಳಿರಲಿಲ್ಲ. ನನಗೆ ಅಳು ಬಂತು, ಜೊತೆಗೆ ಇಬ್ಬರ ಮೇಲೂ ಸಿಟ್ಟು ಬಂತು. ಏಳು ವರ್ಷ ದಂಡ.

ಪಟ್ಟಿಗಳನ್ನು ಈ ಸಲ ನಾನು ಹೊಲಿದೆ, ಅತ್ತೆ ಪಕ್ಕದಲ್ಲಿ ಕೂತು ತಪ್ಪು ಹುಡುಕಿದರು. ಮಂಗಳವಾರ ಸಂಜೆಗೆ ಕೆಲಸ ಮುಗಿಯಿತು. ಬುಧವಾರ ಹೇಳಿದ ಹಾಗೇ ಹಿಮ ಬಿತ್ತು. ಹಿಂದಿನ ಸೀಟಿನಲ್ಲಿ ನಾನು, ಮುಂದೆ ಮಾವ ಅತ್ತೆ. ಮಾವನ ಮೈಮೇಲೆ ಕೋಟಿರಲಿಲ್ಲ, ಅಂಗಿಯ ಮೇಲೊಂದು ಅಂಗಿ. ಗುಡ್ಡದ ನೆತ್ತಿ ತಲುಪುವಾಗ ಅತ್ತೆ ಕೈಗವಸು ಒಂದೊಂದಾಗಿ ತೆಗೆದು ಬೆರಳು ನೋಡಿಕೊಂಡರು. ಕೆಂಪಗಿದ್ದವು. ಸೆಕೆ ಆಗ್ತಿದೆ, ಸ್ವಲ್ಪ ಕಮ್ಮಿ ಮಾಡಿ ಎಂದರು. ಮಾವ ಕಮ್ಮಿ ಮಾಡಲಿಲ್ಲ.

ಮೂರು ವಾರಕ್ಕೆ ಅಂಗಡಿಯ ಕೋರು ಬಂತು. ಮಾವ ಅಳೆದರು, ಇನ್ನೂರ ಮೂರು. ‘ಪಾಸ್’ ಎಂದು ಚೀಟಿ ಅಂಟಿಸಿ ಕಪಾಟಿನ ಮೇಲಿಟ್ಟರು. ಯಾವಾಗ ಹಾಕಿಸುತ್ತೀರಿ ಎಂದು ನಾನು ಕೇಳಿದೆ.

“ಯಾಕೆ? ಈಗಿರೋದು ಸರಿಯಾಗಿ ಕೂತಿದೆಯಲ್ಲ,” ಎಂದರು.