ಒಂಬತ್ತು ಫೆಮ್ಟೊಸೆಕೆಂಡ್

ನನ್ನ ಲೆಕ್ಕ ತಪ್ಪುವುದಿಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಯಲಹಂಕದ ನಮ್ಮ ಲೇಸರ್ ಲ್ಯಾಬಿನಲ್ಲಿ ಆ ಜಂಬ ನನ್ನ ಮೂರು ತಿಂಗಳನ್ನು ತಿಂದುಹಾಕಿತು.

ನಮಗೆ ಬೇಕಿದ್ದದ್ದು ಹತ್ತು ಫೆಮ್ಟೊಸೆಕೆಂಡಿಗಿಂತ ಚಿಕ್ಕದಾದ ಬೆಳಕಿನ ಮಿಡಿತ, ನಮ್ಮ ಬಾಯಲ್ಲಿ ಪಲ್ಸ್. ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ಆ ಹೆಸರು. ಅಷ್ಟು ಚಿಕ್ಕದಾಗಬೇಕಾದರೆ ಕೆಂಪಿನಿಂದ ನೀಲಿಯವರೆಗೆ ಎಲ್ಲ ಬಣ್ಣಗಳೂ ಒಟ್ಟಿಗೆ ಬರಬೇಕು. ಗಾಜಿನೊಳಗೆ ನೀಲಿ ಹಿಂದೆ ಬೀಳುತ್ತದೆ. ವಿಶೇಷ ಕನ್ನಡಿಗಳು ಅದನ್ನು ಮುಂದಕ್ಕೆ ಎಳೆದು ಸರಿಮಾಡುತ್ತವೆ. ಎಷ್ಟು ಎಳೆಯಬೇಕೆಂಬ ಲೆಕ್ಕ ನನ್ನದು. ಕನ್ನಡಿ ಕೂರಿಸುವುದು ಭಾಯ್ ಕೆಲಸ. ಆರ್.ಟಿ. ನಗರದಿಂದ ಹೆಬ್ಬಾಳದ ಟ್ರಾಫಿಕ್ ದಾಟಿ ಎಲ್ಲರಿಗಿಂತ ಮೊದಲು ಬರುವ ಹಿರಿಯ ಟೆಕ್ನಿಷಿಯನ್ ಅವರು.

ಅಳೆದಾಗಲೆಲ್ಲ ಇಪ್ಪತ್ತೆರಡೇ ಬರುತ್ತಿತ್ತು. ಶನಿವಾರದೊಳಗೆ ಹತ್ತರ ಕೆಳಗೆ ಇಳಿಯದಿದ್ದರೆ ಲೇಸರ್ ಬೇರೆ ತಂಡಕ್ಕೆ ಹೋಗುತ್ತದೆ, ನಿಮ್ಮ ಎರಡು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು ಎಂದು ಮುಖ್ಯಸ್ಥರು ಹೇಳಿಬಿಟ್ಟರು. ಶುಕ್ರವಾರ ಬೆಳಿಗ್ಗೆ ಎಲ್ಲರ ಎದುರಿಗೇ ಭಾಯ್ ಮೇಲೆ ಹರಿಹಾಯ್ದೆ. ಸಿಟ್ಟು ಬಂದರೆ ನನಗೆ ಧಾರವಾಡದ ಮಾತೇ ಬರುವುದು.

"ನನ್ನ ಲೆಕ್ಕ ಬರೋಬ್ಬರಿ ಐತ್ರಿ. ಕನ್ನಡಿ ನೀವ ಅಳ್ಳಾಡಿಸೀರಿ."

"ಆಮೇಲೆ ಬಯ್ಯಿರಿ ಮೇಡಂ. ದಾರೀಲಿ ಒಂದ್ ಗಾಜು ಇಟ್ಟು ನೋಡೋಣ. ನೀಲಿ ಹಿಂದಿದ್ಯೋ ಮುಂದಿದ್ಯೋ ಗೊತ್ತಾಗತ್ತೆ."

ನಮ್ಮ ಯಂತ್ರ ಪಲ್ಸಿನ ಉದ್ದ ಹೇಳುತ್ತದೆ, ಯಾವ ಬಣ್ಣ ಮುಂದಿದೆ ಎಂದು ಹೇಳುವುದಿಲ್ಲ. ಗಾಜು ಇಟ್ಟರೆ ನೀಲಿ ಇನ್ನಷ್ಟು ಹಿಂದೆ ಬಿದ್ದು ಪಲ್ಸ್ ಇನ್ನೂ ಉದ್ದವಾಗುತ್ತದೆ, ಆಗಲಾದರೂ ಇವರು ಸುಮ್ಮನಾಗುತ್ತಾರೆ ಎಂದುಕೊಂಡೇ ಒಪ್ಪಿದೆ. ಭಾಯ್ ಮೈಕ್ರೋಸ್ಕೋಪಿನ ಗಾಜಿನ ಪಟ್ಟಿಯೊಂದನ್ನು ಒರೆಸಿ ಬೆಳಕಿಗೆ ಅಡ್ಡ ನಿಲ್ಲಿಸಿದರು. ಅಳೆದೆ. ಒಂಬತ್ತು.

ನಂಬದೆ ಮತ್ತೆ ಅಳೆದೆ. ಒಂಬತ್ತೇ. ಅಂದರೆ ನೀಲಿ ಹಿಂದೆ ಬಿದ್ದಿರಲಿಲ್ಲ, ನನ್ನ ಲೆಕ್ಕ ಅದನ್ನು ಅತಿಯಾಗಿ ಮುಂದಕ್ಕೆ ಎಳೆದಿತ್ತು; ಭಾಯ್ ಇಟ್ಟ ಗಾಜು ಅದನ್ನು ಹಿಂದಕ್ಕೆ ತಂದು ಸರಿಮಾಡಿತ್ತು. ನೋಟ್‌ಬುಕ್ ತಿರುವಿದರೆ ಲೆಕ್ಕದಲ್ಲಿ ಬೆಳಕು ಹಾದುಹೋಗುವ ಒಂದು ಗಾಜಿನ ಬಿಲ್ಲೆ ಇತ್ತು, ಮೇಜಿನ ಮೇಲೆ ಇರಲಿಲ್ಲ. ಬೇಸಿಗೆಯಲ್ಲಿ ಅದನ್ನು ನನ್ನ ಕೈಯಾರೆ ತೆಗೆದಿಟ್ಟು ಮರೆತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನ ಕಥೆ.

ನಾಚಿಕೆಯಾಯಿತು. ಆದರೆ ಸುಳ್ಳೇಕೆ, ಅದಕ್ಕಿಂತ ಖುಷಿಯೇ ಹೆಚ್ಚಾಗಿತ್ತು. ಮುಖ್ಯಸ್ಥರ ಕೋಣೆಗೆ ಓಡಿದೆ. ಅವರು ಬಂದು ಮೂರು ಸಲ ಅಳೆಯಿಸಿ, "ಲೇಸರ್ ಇಲ್ಲೇ ಇರ್ಲಿ. ಏನಾಗಿತ್ತು?" ಎಂದರು. ಬೆಳಿಗ್ಗೆ ನನ್ನ ಬೈಗುಳ ಕೇಳಿದ್ದವರೆಲ್ಲ ಸುತ್ತ ನಿಂತಿದ್ದರು.

"ತಪ್ಪು ನನ್ನದು ಸರ್. ಭಾಯ್ ಕೂರಿಸಿದ ಕನ್ನಡಿ ಕೂದಲೆಳೆಯಷ್ಟೂ ಕದಲಿರಲಿಲ್ಲ," ಎಂದೆ, ಬೈದಷ್ಟೇ ಗಟ್ಟಿಯಾಗಿ.

ಭಾಯ್ ಕೈಗವಸು ಬಿಚ್ಚುತ್ತ ನನ್ನತ್ತ ನೋಡಿದರು. "ಈ ಗಾಜನ್ನಾದ್ರೂ ಮುಟ್ಬೇಡಿ ಮೇಡಂ," ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.