ಒಳಗಿನ ಖೋಲಿ ಜ್ಯಾಡ

ನಾನು ಅಂಜೂ ಹೆಂಗಸಲ್ಲ ಅಂತ ಮೂಡಲಗ್ಯಾಗ ನಮ್ಮ ಓಣ್ಯಾಗಿನ ಯಾರನ್ನ ಕೇಳಿದ್ರೂ ಹೇಳತಾರ. ಬಚ್ಚಲ ಕಲ್ಲಿನ ಬುಡಕ ಚೇಳು ಕಂಡ್ರ ಕಾಲಾಗಿನ ಚಪ್ಪಲಿ ತಗದು ಹೊಡದು, ಕಸಬರಿಗಿಲೆ ಹೊರಗ ನೂಕಿ, ಕೈ ತೊಳಕೊಂಡು ರೊಟ್ಟಿ ಬಡಿಯಾಕ ಕುಂತಾಕಿ ನಾನು. ಕರೆಂಟ ಹೋದ್ರ ಆಫೀಸಿಗೆ ಫೋನ ಹಚ್ಚಿ ಜಗಳ ತಗಿಯಾಕೀನೂ ನಾನೇ. ಅಂಥಾ ನನಗ ಜ್ಯಾಡ ಕಂಡ್ರ ಮೈಯಾಗಿನ ರಗತ ನೀರಾಗತಿತ್ತು.

ಯಾಕ ಅಂತ ಕೇಳಬ್ಯಾಡ್ರಿ. ಸಣ್ಣಾಕಿದ್ದಾಗ ಕಡದಿತ್ತೇನು, ಮೈಮ್ಯಾಲೆ ಬಿದ್ದಿತ್ತೇನು ಅಂತ ಎಲ್ಲಾರೂ ಕೇಳತಾರ. ಏನೂ ಆಗಿರಲಿಲ್ಲ. ಗ್ವಾಡಿಗೆ ಅಂಟಕೊಂಡು ಸತ್ತಂಗ ಕುಂತಿರತೈತಿ, ನಾವು ಅತ್ಲಾಗ ತಿರಗೂದ್ರಾಗ ಬ್ಯಾರೆ ಕಡೆ ಇರತೈತಿ. ಆ ಕಾಲು, ಆ ಓಟ, ಅದೇ ನನಗ ಆಗತಿರಲಿಲ್ಲ. ಹಾವು ಬಂದ್ರ ಸುಳಿವರ ಕೊಡತೈತಿ.

ಈ ಅಂಜಿಕಿ ನಮ್ಮ ಮನಿಯವ್ರಿಗೊಬ್ಬರಿಗೇ ಗೊತ್ತಿತ್ತು. ಉಳದವ್ರ ಮುಂದ ನನಗ ಧೂಳ ಆಗಂಗಿಲ್ಲ, ದಮ್ಮ ಹತ್ತತೈತಿ ಅಂತ ಹೇಳಕೋತ ಬಂದಿದ್ನಿ. ಮಹಾನವಮಿ ಮುಂದ ಮನಿ ಸಾರಸೂವಾಗ ಜ್ಯಾಡದ ಬಲಿ ಹೊಡಿಯೂ ಕೆಲಸ ಅವರದು. ನಾನು ಮನ್ಯಾಗಿನ ಹಾಸಿಗಿ ಎಲ್ಲಾ ಗಂಟು ಕಟಗೊಂಡು ಒಗಿಯಾಕ ಹೊಳಿಗೆ ಹೋಗಿಬಿಡಾಕಿ. ಇದ್ದೊಬ್ಬ ಮಗಳೂ ಅವ್ವಗ ಧೂಳ ಆಗಂಗಿಲ್ಲ ಅಂತನೇ ನಂಬಿ ದೊಡ್ಡಾಕಿ ಆಗಿದ್ಲು. ಊರ ಮಂದಿಗೆಲ್ಲಾ ಬಾಯಿ ಮಾಡೂ ಹೆಂಗಸು, ಬೆರಳಿನಷ್ಟು ಹುಳಕ್ಕ ಅಂಜತಾಳ ಅಂತ ಹೇಳಿಕೊಳ್ಳೂದು ಹೆಂಗ್ರಿ?

ಆ ಮಗಳನ್ನ ಹುಕ್ಕೇರಿಗೆ ಕೊಟ್ಟೇವಿ. ಆಕಿಗೆ ದಿವಸ ಹೋದ ಸುದ್ದಿ ಬಂದಾಗ ನಾನು ಓಣಿಗೆಲ್ಲಾ ಸಕ್ಕರಿ ಹಂಚಿದ್ನಿ. ಆಮ್ಯಾಲೆ ಮನಿಗೆ ಬಂದು ಕುಂತಾಗ ನೆನಪಾತು: ಚೊಚ್ಚಲ ಬಾಣಂತನ ತವರು ಮನ್ಯಾಗ ಆಗಬೇಕು, ಬಾಣಂತಿನ್ನ ಇಡೂದು ಒಳಗಿನ ಖೋಲ್ಯಾಗ.

ನಮ್ಮದು ಮಣ್ಣಿನ ಮಾಳಿಗಿ ಮನಿ. ಪಡಸಾಲ್ಯಾಗ ಗಾಳಿ ಬಾಳ, ಹಿಂದ ಕಟ್ಟಿಸಿದ ಖೋಲಿಗೆ ತಗಡು, ಬಿಸಲಾಗ ಕಾದ ಹಂಚ ಆಗತೈತಿ. ಒಳಗಿನ ಖೋಲಿಗೆ ಮೊಳದಗಲ ಗ್ವಾಡಿ, ಒಂದು ಬೆಳಕಿಂಡಿ. ಗಾಳಿ ಬಡಿಯಂಗಿಲ್ಲ, ಬೆಚ್ಚಗಿರತೈತಿ. ನಮ್ಮ ಮನಿಯವ್ರು ಹುಟ್ಟಿದ್ದೂ ಅಲ್ಲೇ. ಅಲ್ಲಿ ತೊಲಿ ಸಂದ್ಯಾಗ ಅಂಗೈಯಷ್ಟು ಜ್ಯಾಡ ಇರತಾವು. ಮಗಳ ಮದುವಿ ಆದಾಗಿಂದ ನಾನು ಆ ಖೋಲಿ ಹೊಸ್ತಿಲಾ ದಾಟಿದಾಕಿ ಅಲ್ಲ. ಜ್ವಾಳದ ಚೀಲ ಬೇಕಂದ್ರ ಮನಿಯವ್ರನ್ನ ಕಳಸತಿದ್ನಿ.

ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ. ಮಗಳು ಫೋನಿನ್ಯಾಗ "ಯಾವಾಗ ಕರಿಯಾಕ ಬರತೀರಿಬೇ" ಅಂತ ಕೇಳಿದಾಗೆಲ್ಲಾ ನನ್ನದೊಂದೊಂದು ನೆವ. ಮಾಳಿಗಿ ಸೋರಾಕತ್ತೈತಿ ಅಂದ್ನಿ. ನಿಮ್ಮತ್ತಿ ಮನಿ ಸ್ಲಾಬಿನ ಮನಿ, ಚೊಕ್ಕ ಐತಿ, ಅಲ್ಲೇ ಛಲೋ ಅಂದ್ನಿ. ನನಗ ಧೂಳ ಆಗಂಗಿಲ್ಲ, ಹಳೇ ಖೋಲ್ಯಾಗ ನಿನ್ನ ಹೆಂಗ ನೋಡಿಕೊಳ್ಳಲಿ ಅಂದ್ನಿ. ಒಂದಿನ ಆಕಿ ಎಲ್ಲಾ ಕೇಳಿ, "ಆತು ಬಿಡಬೇ" ಅಂದ್ಲು. ಆಮ್ಯಾಲೆ ಕೇಳೂದೇ ಬಿಟ್ಲು. ಫೋನು ಅವರಪ್ಪನ ಮೊಬೈಲಿಗೆ ಬರಾಕತ್ತಿತು.

ಒಂದು ಸಂಜಿ ಹುಕ್ಕೇರಿಯಿಂದ ಬೀಗತಿ ಫೋನು ಬಂತು.

"ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಚೊಚ್ಚಲು. ತವರಿನವ್ರು ಕರಕೊಂಡು ಹೋಗಲಿಲ್ಲಂದ್ರ ಜನಾ ನಿಮಗೇ ಅಂತಾರ. ನಿಮ್ಮ ಕೈಲೆ ಆಗಂಗಿಲ್ಲಂದ್ರ ಹೇಳಿಬಿಡ್ರಿ, ನಾವೇ ಮಾಡತೇವಿ. ಹುಡಿಗಿ ಬ್ಯಾರೆ ಊಟಾ ಸುದ್ದ ಸರಿ ಮಾಡವಲ್ಲಳು."

ಆಕಿ ಅಂದದ್ರಾಗ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ನನಗ ಸಿಟ್ಟು ನೆತ್ತಿಗೇರಿತು. "ಯಾರ ಹೇಳ್ಯಾರ್ರಿ ನಮಗ ಆಗಂಗಿಲ್ಲಂತ? ಕುಬಸಾ ಮಾಡಿದ ಮರುದಿನ ಮುಂಜಾನೆ ಗಾಡಿ ತಂದು ಕರಕೊಂಡು ಬರತೇವಿ ನೋಡ್ರಿ!" ಅಂದು ಫೋನು ಇಟ್ನಿ.

ಬಾಜೂಕ ಶೇಂಗಾ ಸುಲಿಯಾಕತ್ತಿದ್ದ ಮನಿಯವ್ರು ತಲಿ ಎತ್ತಿದ್ರು. "ಕರಕೊಂಡು ಬಂದು ಎಲ್ಲಿ ಇಡತಿ? ಒಳಗ ನಿನ್ನ ಗೆಳತಿ ಕುಂತಾಳಲಾ."

"ನೀವು ಸುಮ್ಮನ ಶೇಂಗಾ ಸುಲೀರಿ" ಅಂದ್ನಿ.

ಪಾಪ, ಅವರು ಮಾಡಲಿಲ್ಲ ಅಂತಲ್ಲ. ಮರುದಿನಾನೇ ಬಲಿ ಹೊಡದು, ಗ್ವಾಡಿಗೆ ಸುಣ್ಣಾ ಬಳದು, ನೆಲಾ ತೊಳದು ಕೊಟ್ರು. ಒಂದು ವಾರ ಕಳಿಯೂದ್ರಾಗ ಜ್ಯಾಡ ತಿರಗಿ ಬಂದಿತ್ತು. ಹೊಸಾ ಸುಣ್ಣದ ಗ್ವಾಡಿ ಮ್ಯಾಲೆ ಮೊದಲಕಿಂತ ಛಲೋ ಕಾಣಾಕತ್ತಿತ್ತು, ಸುಡ್ಲಿ. ಔಷಧ ಹೊಡೀರಿ ಅಂದ್ರ, "ಕೂಸು ಮಲಗೂ ಖೋಲ್ಯಾಗ ಯಾರರ ಔಷಧ ಹೊಡೀತಾರೇನು? ಒಂದ ಹೋದ್ರ ಇನ್ನೊಂದ ಬರತೈತಿ. ಅದರ ಜೋಡಿ ನೀನೇ ಹೊಂದಕೋ" ಅಂದ್ರು. ಅವರೂ ಬ್ಯಾಸತ್ತಿದ್ರು.

ಕೂಸಿಗೆ, ಬಾಣಂತಿಗೆ ಕೌದಿ ಹೊಲಿಯೂದಿತ್ತು. ಹಳೇ ಸೀರಿ ಪದರ ಪದರ ಹಾಸಿ, ಮ್ಯಾಲೆ ತುಂಡು ಕೂಡಿಸಿ ಹೊಲಿಯೂ ಕೌದಿ. ಹೊಸಾ ಅರಿವಿ ಎಳೇ ಮೈಗೆ ಚುಚ್ಚತೈತಿ ಅಂತ ಅಜ್ಜ್ಯಾರ ಸೀರಿನೇ ಬೇಕು. ಕೌದಿ ಹೊಲಿಯಾಕ ಅದನ್ನ ಪೂರಾ ಉದ್ದಕ ಹಾಸಬೇಕು, ನಾಕ್ಕೂ ಕಡೆ ಕಲ್ಲು ಹೇರಬೇಕು. ಪಡಸಾಲ್ಯಾಗ ಓಡ್ಯಾಡೂ ಮಂದಿ ತುಳೀತಾರ. ಅಷ್ಟುದ್ದ ಖಾಲಿ ನೆಲಾ ಇದ್ದದ್ದು ಒಳಗಿನ ಖೋಲ್ಯಾಗ ಮಾತ್ರ. ಹೆಂಗೂ ಅಲ್ಲೇ ಇರಬೇಕಲಾ, ಇಲ್ಲಿಂದನೇ ಸುರು ಆಗಲಿ ಅಂತ ಮನಿಯವ್ರ ಕೈಲೆ ಹಾಸಿಸಿದ್ನಿ.

ಜ್ಯಾಡ ಎದರಿನ ಗ್ವಾಡಿ ಮ್ಯಾಲಿತ್ತು. ಓಡಾಕ ಹಾದಿ ಇರಲಿ ಅಂತ ಬಾಗಲದ ಕಡೆ ಕುಂತು ಹೊಲಿಗಿ ಹಾಕಾಕ ಸುರು ಮಾಡಿದ್ನಿ. ಶಾಣ್ಯಾತನ ಮಾಡೇನಿ ಅಂತ ತಿಳಿದಿದ್ನಿ, ಅಲ್ಲೇ ತಪ್ಪಿದ್ನಿ. ಕೌದಿ ಹೊಲಿಯಾಕಿ ಹೊಲದದ್ರ ಮ್ಯಾಲೆ ಕುಂತು ಮುಂದ ಮುಂದ ಸರೀಬೇಕಾಗತೈತಿ. ಒಂದು ಸಾಲು ಮುಗದ್ರ ನಾಕು ಬೆರಳು ಮುಂದ. ನಡುವ ತಿರಗಿಸಿ ಹಾಸಿದ್ರ ಒಳಗಿನ ಪದರ ಸರದು ಗಂಟು ಬೀಳತಾವು, ಆ ಗಂಟು ಎಳೇ ಬೆನ್ನಿಗೆ ಒತ್ತತಾವು. ಅಂದ್ರ ಏನಾತು? ನನ್ನ ಕೈಯಾಗಿನ ಸೂಜಿ ನನ್ನ ಸೀದಾ ಆ ಜ್ಯಾಡದ ಕಡೆನೇ ಎಳಕೊಂಡು ಹೊಂಟಿತ್ತು. ಇದು ಹೊಳದಾಗ ಅರ್ಧಾ ಸಾಲು ಮುಗದಿತ್ತು. ಅಯ್ಯ ಶಿವನೇ, ಅಂಜಿದಾಕಿ ಮ್ಯಾಲೆ ಕಪ್ಪಿ ಒಗದಂಗಾತು ಅಂದ್ನಿ.

ಮೊದಲ ದಿನಾ ಒಂದು ಹೊಲಿಗಿ ಹಾಕೂದು, ಗ್ವಾಡಿ ನೋಡೂದು. ಒಂದು ಹೊಲಿಗಿ, ಗ್ವಾಡಿ. ಸಾಲು ಹಾವು ಹರದಂಗ ಡೊಂಕ ಆತು, ಬೆರಳಿಗೆ ಸೂಜಿ ಚುಚ್ಚಿತು. ಬಿಚ್ಚಿ ಮತ್ತ ಹೊಲದ್ನಿ. ಮರುದಿನಾ ಮಧ್ಯಾಹ್ನ ಮತ್ತ ಕುಂತ್ನಿ. ಅದೂ ಕುಂತಿತ್ತು. ಸುಮ್ಮನ ಕುಂತ್ರ ಎದಿ ಬಡಕೋತಿತ್ತು, ಅದಕ್ಕ ಬೈಯಾಕ ಸುರು ಮಾಡಿದ್ನಿ. ಬೈಯೂದು ನನಗ ಕಲಿಸಬೇಕಾಗಿಲ್ಲ. "ನೋಡಾಕತ್ತಿಯೇನು? ನೋಡು. ದುಡದು ಉಣ್ಣೂ ಮಂದಿನ್ನ ಎಂದೂ ಕಂಡಿಲ್ಲೇನು? ಬಾಡಗಿ ಇಲ್ಲ, ಕರೆಂಟ ಬಿಲ್ಲ ಇಲ್ಲ, ಮ್ಯಾಲೆ ಹೊಸಾ ಸುಣ್ಣಾ!" ಮನಿಯವ್ರು ಹೊರಗಿಂದ, "ಯಾರ ಬಂದಾರ?" ಅಂತ ಕೇಳಿದ್ರು.

ಒಂದಿನ ನನ್ನ ಕತ್ತರಿ ಕೈಜಾರಿ ಠಣ್ ಅಂತ ಗಚ್ಚಿನ ಮ್ಯಾಲೆ ಬಿತ್ತು. ನಾನು ಚಿಟ್ಟನ ಚೀರಿದ್ನಿ. ಜ್ಯಾಡ ಸರ್ರಂತ ತೊಲಿ ಸಂದಿಗೆ ಓಡಿ ಹೋತು. ಅದು ಓಡಿದ್ದು ನನ್ನ ಕಡೆ ಅಲ್ಲ. ಇಷ್ಟ ವರ್ಷ ನಾನು ಓಡೂದ್ರಾಗ ಅದು ಯಾವ ಕಡೆ ಓಡತೈತಿ ಅಂತ ನೋಡೇ ಇರಲಿಲ್ಲ.

ಆದ್ರ ಅದು ಕಾಣಲಾರದ ದಿನಾ ಭಾಳ ಕೆಟ್ಟದ್ದು. ಕಂಡ್ರ ಅಲ್ಲೈತಿ ಅಂತ ಗೊತ್ತಿರತೈತಿ. ಕಾಣಲಿಲ್ಲಂದ್ರ ಕುತಗಿ ಮ್ಯಾಲೂ ಐತಿ, ಸೆರಗಿನ್ಯಾಗೂ ಐತಿ. ಎದ್ದು ಹೋಗಿಬಿಡಬೇಕು ಅನಸತಿತ್ತು. ಮಗಳು "ಆತು ಬಿಡಬೇ" ಅಂದ ದನಿ ನೆನಪಾಗಿ ಮತ್ತ ಕುಂದರತಿದ್ನಿ. ಅದು ತಿರಗಿ ತೊಲಿ ಸಂದಿಂದ ಇಳದು ಬಂದಾಗ, ನಂಬ್ರಿ ಬಿಡ್ರಿ, ನನಗ ಸಮಾಧಾನ ಆಗತಿತ್ತು.

ಕಡೇ ಸಾಲು ಹೊಲಿಯೂವಾಗ ನನ್ನ ತಲಿ ಮ್ಯಾಲೆ ಒಂದು ಮೊಳದಾಗ ಜ್ಯಾಡ. ನಮ್ಮಲ್ಲಿ ಕೌದಿ ಉಪವಾಸ ಇರಬಾರದು ಅಂತ ಬಾಯಿ ಮುಚ್ಚೂ ಮುಂದ ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲೀತೀವಿ. ಇಟ್ನಿ, ಹೊಲದ್ನಿ, ಹಲ್ಲಿಲೆ ದಾರ ಕಡದ್ನಿ. ಅಂಜಿಕಿ ಹೋಗಿತ್ತು ಅಂತ ಸುಳ್ಳು ಹೇಳಂಗಿಲ್ಲ. ಅಂಜಿಕಿ ಇಟಕೊಂಡೇ ಕುಂದರಾಕ ಬರತೈತಿ ಅನ್ನೂದು ಗೊತ್ತಾಗಿತ್ತು, ಅಷ್ಟೇ.

ಹುಕ್ಕೇರ್ಯಾಗ ಕುಬಸಾ ಜೋರಾಗೇ ಆತು. ಹಸರ ಸೀರಿ, ಹಸರ ಬಳಿ, ಮಗಳು ಎಲ್ಲಾರ ಮುಂದೂ ನಕ್ಕೋತ ಇದ್ಲು. ಉಡಿ ತುಂಬಾಕ ನಾನು ಹೋದಾಗ ಮಾತ್ರ ಕೆಳಗ ನೋಡಿದ್ಲು. ಮರುದಿನಾ ಗಾಡ್ಯಾಗ ಕುಂತಾಕಿ ದಾರಿ ಉದ್ದಕ ಅವರಪ್ಪನ ಜೋಡಿ ಕಬ್ಬಿನ ಸುದ್ದಿ ಮಾತಾಡಿದ್ಲು. ನನ್ನ ಜೋಡಿ ಮಾತಾಡಿದ್ರ, "ಬ್ಯಾಡ ಬಿಡು, ನಿನಗ್ಯಾಕ ತ್ರಾಸ" ಇಷ್ಟೇ. ನೀರು ಕೊಟ್ರ ತ್ರಾಸ, ತಲಿ ಹಿಕ್ಕತೇನಿ ಬಾ ಅಂದ್ರ ತ್ರಾಸ. ಸಣ್ಣಾಕಿದ್ದಾಗ ನಾ ಉಣ್ಣೂ ತಾಟಿಗೆ ಕೈ ಹಾಕಿದ ಹುಡಿಗಿ ಅದು. ಆಕಿ ನನ್ನ ತ್ರಾಸ ನೋಡಾಕತ್ತಾಗಿಂದ ನನಗ ಒಂದು ತುತ್ತು ಸರಿಯಾಗಿ ಇಳೀಲಿಲ್ಲ.

ಗೋಕಾಕದ ದವಾಖಾನ್ಯಾಗ ಹೊಟ್ಟಿ ಕೊಯ್ದು ಹೆರಿಗಿ ಆತು. ಹೆಣ್ಣ ಕೂಸು, ತಲಿತುಂಬ ಕೂದಲು. ಮನಿಗೆ ಕರಕೊಂಡು ಬಂದು ಒಳಗಿನ ಖೋಲ್ಯಾಗ ಮಲಗಿಸಿದ್ವಿ. ನಾನು ದಿನಾ ಎಣ್ಣಿ ಹಚ್ಚಿ ಎರಿಯಾಕಿ, ಕೆಂಡದ ಕಾವು ಕೊಡಾಕಿ, ಅಂಟಿನುಂಡಿ ಮಾಡಾಕಿ. ಆಕಿ ಕೊಟ್ಟಷ್ಟು ಉಣ್ಣಾಕಿ, ಹೇಳಿದಂಗ ಕೇಳಾಕಿ. ಬೀಗರ ಮನಿಗೆ ಬಂದಾಕಿ ಹೆಂಗಿರತಾಳ, ಹಂಗ.

ಒಂದು ಮಧ್ಯಾಹ್ನ ನಾನು ಅಡಗಿ ಮನ್ಯಾಗ ಇದ್ದಾಗ "ಯವ್ವಾ!" ಅಂತ ಚೀರಿದ್ಲು. ಕೈಯಾಗಿನ ಸೌಟು ಒಗದು ಓಡಿದ್ನಿ. ಆಕಿ ಗ್ವಾಡಿಗೆ ಆನಿಕೊಂಡು ಕುಂತಾಳ, ಮಾರಿ ಬೆಳ್ಳಗಾಗೈತಿ, ಹೊಲಿಗಿ ಹಾಕಿದ ಮೈ, ಏಳಾಕ ಬರವಲ್ಲದು. ತೊಟ್ಟಿಲ ಅಂಚಿನ ಮ್ಯಾಲೆ ಆ ಜ್ಯಾಡ. ಕೂಸು ಕೆಳಗ ನಿದ್ದಿ ಮಾಡಾಕತ್ತೈತಿ.

ಹೊಸ್ತಿಲದಾಗ ನನ್ನ ಕಾಲು ನಿಂತುವು. ನಿಂತದ್ದು ಖರೆ. ಆಮ್ಯಾಲೆ ಹೆಂಗ ಹೋದ್ನಿ ಗೊತ್ತಿಲ್ಲ, ಸೆರಗ ಬಿಚ್ಚಿ ಅದರ ಮ್ಯಾಲೆ ಹಾಕಿ ಬೊಗಸ್ಯಾಗ ಬಾಚಿಕೊಂಡ್ನಿ. ಅರಿವಿ ಒಳಗ ಅದು ಒದ್ಯಾಡೂದು ಅಂಗೈಗೆ ಗೊತ್ತಾಗತಿತ್ತು. ಹಿತ್ತಲಕ್ಕ ಒಯ್ದು ಕುಳ್ಳಿನ ಒಟ್ಟಿಲ ಮ್ಯಾಲೆ ಝಾಡಿಸಿದ್ನಿ. ಒಳಗ ಬಂದು ಮಗಳ ಹಾಸಿಗಿ ಮ್ಯಾಲೆ ದೊಪ್ಪಂತ ಕುಂತ್ನಿ.

ಆಕಿ ನನ್ನ ಕೈ ನೋಡಾಕತ್ತಿದ್ಲು. ಥರಾ ಥರಾ ನಡಗಾಕತ್ತಿದ್ದುವು.

"ಏನಬೇ ಇದು? ಧೂಳಿಗೆ ಹಿಂಗ ನಡಗಂಗಿಲ್ಲ."

"ನನಗ ಧೂಳಿಂದ ಏನೂ ಆಗಂಗಿಲ್ಲ" ಅಂದ್ನಿ. "ಜ್ಯಾಡಕ್ಕ ಅಂಜತೇನಿ. ಮೊದಲಿಂದನೂ."

ಆಕಿ ಒಂದೊಂದೇ ಜೋಡಿಸಾಕತ್ತಿದ್ಲು ಅಂತ ಮಾರಿ ಮ್ಯಾಲೆ ಕಾಣತಿತ್ತು.

"ಅದಕ್ಕಾ? ಅದಕ್ಕಾ ನನಗ ಅಲ್ಲೇ ಇರು, ಅಲ್ಲೇ ಛಲೋ ಅಂದದ್ದು?"

"ಹೂಂ."

"ನಾ ನಿನಗ ಬ್ಯಾಡಾಗೇನಿ ಅಂತ ತಿಳಿದಿದ್ನಿ ಯವ್ವಾ. ಕೊಟ್ಟ ಹೆಣ್ಣು ಕುಲಕ್ಕ ಹೊರಗು ಅಂತಾರಲಾ, ಖರೇನೇ ಐತಿ ಅಂತ... ಅಡಗಿ ಮನ್ಯಾಗ ನಿಂತು ಎಷ್ಟ ಅತ್ತೇನಿ ಗೊತ್ತೈತೇನು? ಅತ್ತಿ ಕಣ್ಣ ತಪ್ಪಿಸಿ. ಒಂದು ಜ್ಯಾಡಕ್ಕ! ಹೇಳಾಕ ಏನಾಗಿತ್ತು ನಿನಗ ಧಾಡಿ?"

"ನಾಚಿಕಿ ಆಗಿತ್ತು" ಅಂದ್ನಿ. ನನಗೂ ಅಳು ಬಂತು. "ನೀನು ಬ್ಯಾಡಾಗಾಕ ಹೆಂಗ ಸಾಧ್ಯ ಐತಿ? ಹುಚ್ಚಿ."

ಆಕಿಗೆ ನಗು ಬಂತು, ನಕ್ರ ಹೊಲಿಗಿ ಜಗ್ಗಿ "ಯವ್ವಾ ಯವ್ವಾ" ಅಂತ ಹೊಟ್ಟಿ ಹಿಡಕೊಂಡ್ಲು, ನಗಕೋತ ಅತ್ಲು. ಆಮ್ಯಾಲೆ ಕಣ್ಣ ವರಸಿಕೊಂಡು ಸುರು ಮಾಡಿದ್ಲು. ಎರಿಯೂ ನೀರು ಉಗರ ಬೆಚ್ಚಗ ಇರತಾವಂತ. ಎಣ್ಣಿ ಎರಡ ಹನಿ ಮುಟ್ಟಿಸಿ ಬಿಡತೇನಂತ. ಅಂಟಿನುಂಡಿಗೆ ಬೆಲ್ಲ ಬಾಳ ಆಗೈತಂತ.

"ಇಷ್ಟ ದಿನಾ ಯಾಕ ಹೇಳಲಿಲ್ಲ?" ಅಂದ್ನಿ.

ಆಕಿ ಕೂಸನ್ನ ತರಿಸಿಕೊಂಡು ಬಾಜೂಕ ಮಲಗಿಸಿಕೊಂಡ್ಲು, ಎರಡೂ ಕಾಲು ಚಾಚಿ ನನ್ನ ತೊಡಿ ಮ್ಯಾಲೆ ಹಾಕಿ, ಕಣ್ಣ ಮುಚ್ಚಿ, "ಒತ್ತು" ಅಂದ್ಲು.