ಸಮುದ್ರಕ್ಕೆ ಬಾಗಿಲು ಹಾಕುವ ಆಲ್ದೇಯಾ

ಮೇ ತಿಂಗಳ ಬೆಳಗು. ಸೂರ್ಯ ಇನ್ನೂ ಕೊಲ್ಲಿಯ ಆಚೆ ದಡದಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದಾನೆ. ಹ್ಯಾಲೊವೆಲ್ ಪ್ಯಾರಿಷ್ಷಿನ ಮಣ್ಣಿನ ಒಡ್ಡಿನ ಮೇಲೆ ಆಲ್ದೇಯಾ ಮೆಲನ್ಸನ್ ಕುಂಟುತ್ತ, ಗೊಣಗುತ್ತ ನಡೆಯುತ್ತಿದ್ದಾರೆ. ಕುಂಟಿದರೂ, ಅವರ ಬಗ್ಗೆ ಬರೆಯಲು ಬಂದವರಿಗೆ ಅವರ ಜೊತೆ ಹೆಜ್ಜೆ ಹಾಕುವುದು ಸುಲಭವಲ್ಲ. ಮೊಣಕಾಲ ತನಕ ರಬ್ಬರ್ ಬೂಟು, ತಲೆಗೆ ತೀರಿಹೋದ ಗಂಡನ ಉಣ್ಣೆ ಟೋಪಿ, ಹೆಗಲ ಮೇಲೆ ಹಸುವಿನ ನಾಲಗೆಯಂತೆ ಸಪೂರ ಸನಿಕೆ. ಎಡಕ್ಕೆ ಕೆಂಪು ಕೆಸರಿನ ಸಮುದ್ರ. ಬಲಕ್ಕೆ ಹಸಿರು ಹುಲ್ಲುಗಾವಲು, ಉಬ್ಬರದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿ. ಎರಡರ ನಡುವೆ ಈ ಒಡ್ಡು, ಒಡ್ಡಿನ ಹೊಟ್ಟೆಯಲ್ಲೊಂದು ತೂಬು, ತೂಬಿಗೊಂದು ಮರದ ಬಾಗಿಲು. ಆ ಬಾಗಿಲಿನ ಕಾವಲು ಮೂವತ್ತು ವರ್ಷದಿಂದ ಆಲ್ದೇಯಾ ಅವರದು.

"ಸಮುದ್ರ ಬಂದಾಗ ಬಾಗ್ಲು ಹಾಕೋದು, ಹೊರಟಾಗ ತೆಗೆಯೋದು. ನೆಂಟರಿಗೆ ಮಾಡೋದ್ರ ಉಲ್ಟಾ," ಎಂದು ನಗುತ್ತಾರೆ.

ನಿಜ ಹೇಳಬೇಕೆಂದರೆ ಬಾಗಿಲು ತಾನೇ ತೆರೆದು ತಾನೇ ಮುಚ್ಚಿಕೊಳ್ಳುತ್ತದೆ. ಮೇಲಿನ ಅಂಚಿನಿಂದ ತೂಗುಬಿಟ್ಟ ಹಲಗೆ ಅದು. ಇಳಿತದಲ್ಲಿ ಹೊಲದ ಸಿಹಿನೀರು ಅದನ್ನು ಹೊರಗೆ ತಳ್ಳಿ ಹರಿದುಹೋಗುತ್ತದೆ, ಉಬ್ಬರದಲ್ಲಿ ಉಪ್ಪುನೀರೇ ಅದನ್ನು ಒತ್ತಿ ಮುಚ್ಚುತ್ತದೆ. ಆದರೆ ಅದರ ಸಂದಿಗೆ ತೇಲಿಬಂದ ದಿಮ್ಮಿ ಸಿಕ್ಕಿದರೆ? ಚಳಿಗಾಲದಲ್ಲಿ ಮಂಜುಗಡ್ಡೆ ಕಚ್ಚಿಕೊಂಡರೆ? ನೀರಿಲಿಗಳು ಒಡ್ಡಿಗೆ ಬಿಲ ತೋಡಿದರೆ? ಅದಕ್ಕೇ ದಿನಕ್ಕೆರಡು ಬಾರಿ ಈ ನಡಿಗೆ. ನೀರು ಮೂರು ಮಹಡಿಯ ಎತ್ತರಕ್ಕೆ ಏರುವ ಕೊಲ್ಲಿಯಿದು. ಒಂದೇ ಒಂದು ಉಬ್ಬರ ಒಳಗೆ ನುಗ್ಗಿದರೂ ಮೂರು ವರ್ಷ ಮೇವು ಬೆಳೆಯುವುದಿಲ್ಲ.

ಆಲ್ದೇಯಾ ಅವರ ಮೊಣಕಾಲಿಗೆ ಜುಲೈಯಲ್ಲಿ ಶಸ್ತ್ರಚಿಕಿತ್ಸೆ. ಚಳಿ ಶುರುವಾಗುವ ತನಕ ಒಡ್ಡು ಹತ್ತಕೂಡದು ಎಂದಿದ್ದಾರೆ ಡಾಕ್ಟರು. ಅಲ್ಲಿಯವರೆಗೆ ತೂಬು ನೋಡಿಕೊಳ್ಳುವವರು ಯಾರು? ಹುಲ್ಲುಗಾವಲು ಮಾಲೀಕರ ಸಂಘದ ಸಭೆಯಲ್ಲಿ ಆಲ್ದೇಯಾ ಈ ಮಾತು ಎತ್ತಿದಾಗ, ಇದ್ದವರೆಲ್ಲ ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಇಣುಕಿದರಂತೆ.

ಹ್ಯಾಲೊವೆಲ್ ಪ್ಯಾರಿಷ್ ಎಂದರೆ ಎರಡು ನದಿಗಳ ನಡುವಿನ ನೆಲ. ಉತ್ತರಕ್ಕೆ ಸ್ಪ್ರೂಸ್ ಮರಗಳ ದಿಬ್ಬ ಮತ್ತು ಬ್ಲೂಬೆರಿ ಬಯಲು, ದಕ್ಷಿಣಕ್ಕೆ ಈ ಒಡ್ಡು. ರೈಲು ನಿಂತು ಬಹಳ ಕಾಲವಾಯಿತು. ಹಳಿಯಿದ್ದ ದಾರಿಯಲ್ಲಿ ಈಗ ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಮೋಟಾರು ಬಂಡಿಗಳು ಓಡುತ್ತವೆ. ದಿಬ್ಬದ ಮೇಲಿದ್ದ ಮೂರು ಹಳ್ಳಿಗಳಲ್ಲಿ ಉಳಿದಿರುವುದು ಸಮಾಧಿಗಳು, ಸೇಬಿನ ಮರಗಳು, ಯಾವುದೋ ಮನೆಯ ಹೊಸ್ತಿಲ ಬಳಿ ಹೂಬಿಡುವ ಲೈಲಾಕ್ ಪೊದೆಗಳು ಮಾತ್ರ. ಪ್ಯಾರಿಷ್ಷಿನ ಗಡಿಯನ್ನು ಎಳೆದ ಮೋಜಣಿದಾರ ಕಾಗದ ನೋಡಿ ಎಳೆದನೇ ಹೊರತು ನೆಲ ನೋಡಿ ಅಲ್ಲ. ಆ ಗೆರೆ ಥರ್ಲೋ ಬುಲ್ಮರ್ ಅವರ ಕೊಟ್ಟಿಗೆಯ ನಡುವೆಯೇ ಹಾದುಹೋಗಿದೆ. "ನಮ್ಮ ಹಸು ಹ್ಯಾಲೊವೆಲ್‌ನಲ್ಲಿ ತಿಂದು ಪಕ್ಕದ ಪ್ಯಾರಿಷ್ಷಿನಲ್ಲಿ ಸಗಣಿ ಹಾಕುತ್ತೆ. ತೆರಿಗೆಯವರಿಗೆ ಇದುವರೆಗೂ ಗೊತ್ತಾಗಿಲ್ಲ," ಎನ್ನುತ್ತಾರೆ ಥರ್ಲೋ.

ಈ ಥರ್ಲೋ ಆಲ್ದೇಯಾ ಅವರ ನೆರೆಯವರು. ಒಡ್ಡಿಗೆ ಅಂಟಿಕೊಂಡ ದೊಡ್ಡ ಹುಲ್ಲುಗಾವಲು ಅವರದೇ. ಒಂದೇ ಶಾಲಾ ಬಸ್ಸಿನಲ್ಲಿ ಬೆಳೆದವರು ಇಬ್ಬರೂ. ಅಂದಿನಿಂದ ಆಕೆ ಫ್ರೆಂಚಿನಲ್ಲಿ ಬೈಯುತ್ತಾರೆ, ಆತ ಇಂಗ್ಲಿಷಿನಲ್ಲಿ ಬೈಯುತ್ತಾರೆ. ಇಬ್ಬರಿಗೂ ಎಲ್ಲ ಅರ್ಥವಾಗುತ್ತದೆ.

ಎರಡು ಮನೆತನಗಳ ಕಥೆಯನ್ನು ಆಲ್ದೇಯಾ ತಮ್ಮ ಅಪ್ಪ ಆಜಾರಿ ಹೇಳಿದಂತೆಯೇ ಹೇಳುತ್ತಾರೆ: "ಒಡ್ಡು ಕಟ್ಟಿದ್ದು ನಮ್ಮ ಫ್ರೆಂಚ್ ಹಿರೀಕರು. ಆಮೇಲೆ ಇಂಗ್ಲಿಷರ ಸೈನಿಕರು ಬಂದ್ರು, ಮನೆ ಸುಟ್ರು, ಸಿಕ್ಕಿದವರನ್ನೆಲ್ಲ ಹಡಗು ಹತ್ತಿಸಿ ದೇಶ ಬಿಟ್ಟು ಓಡಿಸಿದ್ರು. ಕಾಡಲ್ಲಿ ಅಡಗಿದವರು ಉಳ್ಕೊಂಡ್ರು. ಖಾಲಿ ಬಿದ್ದ ನೆಲಕ್ಕೆ ಯಾರ್ಕ್‌ಶೈರಿನಿಂದ ಬುಲ್ಮರ್‌ಗಳು ಬಂದ್ರು. ಆಹಾ, ಎಂಥಾ ಹುಲ್ಲು ಅಂತ ಕುಣಿದ್ರು. ಮೊದಲ ದೊಡ್ಡ ಬಿರುಗಾಳಿಗೆ ಒಡ್ಡು ಬಾಯಿಬಿಡ್ತು ನೋಡಿ! ಆಗ ಕಾಡಿಗೆ ಹೋಗಿ ನಮ್ಮೋರನ್ನೇ ಹುಡುಕಿ ಕರ್ಕೊಂಡು ಬಂದ್ರು, ಕೂಲಿಗೆ!" ಈ ಮಾತಿಗೆ ಅಳಬೇಕೋ ನಗಬೇಕೋ ಎಂದು ಕೇಳುವವರು ತಡವರಿಸುವಷ್ಟರಲ್ಲಿ ಆಕೆಯೇ ನಕ್ಕು ಮುಗಿಸಿರುತ್ತಾರೆ.

ಮೇ ತಿಂಗಳಲ್ಲಿ ಕಾವಲಿನ ಜೊತೆಗೆ ಇನ್ನೊಂದು ಕೆಲಸವಿದೆ. ಗ್ಯಾಸ್ಪರೋ ಮೀನುಗಳು ಮೊಟ್ಟೆಯಿಡಲು ಸಮುದ್ರದಿಂದ ಸಿಹಿನೀರಿಗೆ ಹತ್ತುವ ಕಾಲವಿದು. ಉಬ್ಬರದ ಜೊತೆ ಬರುವ ಅವುಗಳ ಮುಖಕ್ಕೇ ಬಾಗಿಲು ಮುಚ್ಚಿಕೊಂಡರೆ ಹೇಗೆ? ಹಾಗಾಗಿ ಬಾಗಿಲಿಗೆ ಗೇಣುದ್ದದ ಬೆಣೆಯೊಂದನ್ನು ಕೊಟ್ಟು ಸಂದಿ ಬಿಡುವುದು, ನೀರು ತೀರಾ ಏರುವ ಮೊದಲೇ ಅದಕ್ಕೆ ಕಟ್ಟಿದ ಹಗ್ಗ ಎಳೆದು ಬೆಣೆ ಕಿತ್ತುಬಿಡುವುದು ಹಳೆಯ ಪದ್ಧತಿ.

ಆದರೆ ಈ ಬೆಳಿಗ್ಗೆ ತೂಬಿನ ಬಳಿ ಬಂದ ಆಲ್ದೇಯಾ ಗಕ್ಕನೆ ನಿಲ್ಲುತ್ತಾರೆ. ಬಾಗಿಲ ಸಂದಿಯಲ್ಲಿ ತೊಡೆಗಾತ್ರದ ಓಕ್ ಗೂಟವೊಂದು ಜಡಿದು ಕೂತಿದೆ.

ಅಷ್ಟರಲ್ಲಿ ಪಿಕಪ್ ಟ್ರಕ್ಕಿನಿಂದ ಥರ್ಲೋ ಇಳಿಯುತ್ತಾರೆ. ಕೈಯಲ್ಲಿ ಚಹಾದ ಫ್ಲಾಸ್ಕು, ಮುಖದಲ್ಲಿ ಬಹುಮಾನ ಗೆದ್ದವರ ಕಳೆ.

"ನೋಡಿದ್ಯಾ? ನಸುಕಿಗೇ ಬಂದು ಹೊಡೆದು ಹೋದೆ. ನೀನು ಬಿಡೋ ಸಂದಿಯಲ್ಲಿ ಮೀನು ಹೊಟ್ಟೆ ಒಳಗೆಳ್ಕೊಂಡು ನುಗ್ಗಬೇಕಿತ್ತು, ಪಾಪ. ನಾನು ರಾಜಬೀದಿ ಮಾಡಿಕೊಟ್ಟಿದೀನಿ. ಈ ಸಲ ಹೊಗೆಯಲ್ಲಿ ಒಣಗಿಸಿದ ಗ್ಯಾಸ್ಪರೋ ಚಳಿಗಾಲದ ತನಕ ತಿನ್ನಬಹುದು!"

"ಹಗ್ಗ ಎಲ್ಲಿ?"

"ಯಾವ ಹಗ್ಗ?"

ಆಲ್ದೇಯಾ ಒಮ್ಮೆ ಆಕಾಶ ನೋಡುತ್ತಾರೆ, ಒಮ್ಮೆ ಸಮುದ್ರ ನೋಡುತ್ತಾರೆ. ಹುಣ್ಣಿಮೆಯ ಉಬ್ಬರ. ಸಾಲದ್ದಕ್ಕೆ ಕೊಲ್ಲಿಯ ಕಡೆಯಿಂದ ಗಾಳಿ. ಇಬ್ಬರೂ ಸೇರಿ ಗೂಟ ಎಳೆಯುತ್ತಾರೆ, ಟ್ರಕ್ಕಿನಲ್ಲಿದ್ದ ಹಾರೆ ಹಾಕಿ ಮೀಟುತ್ತಾರೆ. ನೀರು ಏರಿದಷ್ಟೂ ಬಾಗಿಲು ಗೂಟವನ್ನು ನಾಯಿ ಎಲುಬು ಕಚ್ಚಿದಂತೆ ಬಿಗಿಯಾಗಿ ಕಚ್ಚುತ್ತಿದೆ. ತೂಬಿನ ಒಳಬಾಯಿಯಿಂದ ಕೆಂಪು ನೀರು ಗುಳುಗುಳು ಎನ್ನುತ್ತ ಹೊಲದ ಕಾಲುವೆಗೆ ಇಳಿಯತೊಡಗಿದೆ.

"ಅಯ್ಯೋ, ನನ್ನ ಹುಲ್ಲು!" ಥರ್ಲೋ ಮುಖ ಬಿಳಚಿಕೊಂಡಿದೆ. "ಮರಳಿನ ಚೀಲ ತರಿಸಲಾ?"

"ಪೇಟೆಯಿಂದ ಚೀಲ ಬರೋ ಹೊತ್ತಿಗೆ ನಿನ್ನ ಹೊಲದಲ್ಲಿ ದೋಣಿ ಬಿಡಬಹುದು. ಟ್ರಕ್ಕಿನ ಹಿಂದಿನ ಹಲಗೆ ಬಿಚ್ಚು. ತೂಬಿನ ಒಳಬಾಯಿಗೆ ಅಡ್ಡ ನಿಲ್ಲಿಸು. ಆಮೇಲೆ ಈ ಸನಿಕೆ ಹಿಡಿ."

ಹಲಗೆಯ ಬೆನ್ನಿಗೆ ಹುಲ್ಲಿನ ಹೆಂಟೆ ಪೇರಿಸಬೇಕು. ಉಪ್ಪುಹುಲ್ಲಿನ ಬೇರು ಹೆಣೆದುಕೊಂಡ ಜವುಗು ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ, ಒಂದಕ್ಕೊಂದು ಅದುಮಿ ಕಟ್ಟುವುದು. ಇಡೀ ಒಡ್ಡು ಮೊದಲು ಎದ್ದದ್ದು ಹಾಗೆಯೇ. ಆ ಸಪೂರ ಸನಿಕೆ ಕಂಡಾಗಲೆಲ್ಲ "ಮ್ಯೂಸಿಯಮ್ಮಿಗೆ ಕೊಡು" ಎಂದು ಅಣಕಿಸುತ್ತಿದ್ದ ಥರ್ಲೋ ಈಗ ಅದನ್ನೇ ಕಾಲಿನಿಂದ ಒತ್ತುತ್ತಿದ್ದಾರೆ. ಮೊಣಕಾಲು ಮಡಿಸಲಾರದ ಆಲ್ದೇಯಾ ಕೆಸರಿನಲ್ಲೇ ಕಾಲು ಚಾಚಿ ಕುಳಿತು ಒಂದೊಂದೇ ಹೆಂಟೆ ಕೂರಿಸುತ್ತಿದ್ದಾರೆ.

"ಕೇಕ್ ಕತ್ತರಿಸ್ತಿದ್ದೀಯಾ? ಬೇರು ಹರೀಬಾರ್ದು ಮಾರಾಯಾ! ಒಂದೇ ಸಲಕ್ಕೆ ಇಳಿಸು."

"ನಿನ್ನಜ್ಜನೂ ನನ್ನಜ್ಜನಿಗೆ ಹೀಗೇ ಬೈತಿದ್ನಾ?"

"ಇಲ್ಲಪ್ಪ, ನನ್ನಜ್ಜನಿಗೆ ಕೂಲಿ ಚೆನ್ನಾಗಿತ್ತಂತೆ. ನಂಗೆ ಸಂಬಳ ಕಮ್ಮಿ, ಅದಕ್ಕೇ ಬಾಯಿ ಜಾಸ್ತಿ. ತಾ, ಇನ್ನೊಂದು!"

ಹಲಗೆ ನರಳುತ್ತದೆ. ಒಂದು ಮೂಲೆಯಲ್ಲಿ ನೀರು ಚಿಮ್ಮುತ್ತದೆ; ಆಲ್ದೇಯಾ ಅಲ್ಲಿಗೆ ತಮ್ಮ ಉಣ್ಣೆ ಟೋಪಿಯನ್ನೇ ತುರುಕಿ, ಮೇಲೊಂದು ಹೆಂಟೆ ಅದುಮುತ್ತಾರೆ. ಆಚೆ ಸಮುದ್ರ ಏರುತ್ತಲೇ ಇದೆ. ಇಬ್ಬರೂ ಹೆಂಟೆಗಳಿಗೆ ಬೆನ್ನು ಕೊಟ್ಟು, ಒತ್ತಿ ಕೂತಿದ್ದಾರೆ. ಬೆನ್ನು ಒದ್ದೆಯಾಗುತ್ತದೆ, ಅಷ್ಟೇ. ಕೊನೆಗೆ ಒಡ್ಡಿನಾಚೆ ಅಲೆಗಳ ಸದ್ದು ಮೆಲ್ಲನೆ ತಗ್ಗುತ್ತದೆ. ಇಳಿತ ಶುರುವಾಗಿದೆ. ಸ್ವಲ್ಪ ಹೊತ್ತಿಗೆ ಬಾಗಿಲ ಹಿಡಿತ ಸಡಿಲಗೊಂಡು ಓಕ್ ಗೂಟ ತಾನೇ ಕಳಚಿ, ಏನೂ ಆಗಿಯೇ ಇಲ್ಲವೆಂಬಂತೆ ತೇಲಿಕೊಂಡು ಹೋಗುತ್ತದೆ. ಕಾಲುವೆಯ ತಲೆಯಲ್ಲಿ ಒಂದು ಹಾಸಿಗೆಯಗಲದ ಹುಲ್ಲಿಗೆ ಉಪ್ಪು ತಾಗಿದೆ. ಉಳಿದದ್ದೆಲ್ಲ ಹಸಿರು.

ಹುಬ್ಬಿನ ತನಕ ಕೆಸರಾಗಿರುವ ಥರ್ಲೋ ಫ್ಲಾಸ್ಕಿನ ತಣ್ಣಗಾದ ಚಹಾ ಬಗ್ಗಿಸಿ ಕೊಡುತ್ತಾರೆ. "ಜುಲೈಗೆ... ಯಾರಾದ್ರೂ ಸಿಕ್ಕಿದ್ರಾ?"

"ಇಲ್ಲ."

"ನಂಗೆ ಎಪ್ಪತ್ತು. ಮೊಣಕಾಲು ಎರಡೂ ಗಟ್ಟಿ ಇವೆ."

ಆಲ್ದೇಯಾ ಚಹಾ ಮುಗಿಸಿ ಲೋಟ ಹಿಂತಿರುಗಿಸುತ್ತಾರೆ. "ನಾಳೆ ಇಳಿತದ ಹೊತ್ತಿಗೆ ಬಾ. ಮೊದಲು ಕಲಿಯೋದು ಬೆಣೆಗೆ ಹಗ್ಗ ಕಟ್ಟೋದು."

ಟ್ರಕ್ಕು ಹಲಗೆಯಿಲ್ಲದೆ ಲೊಡಲೊಡ ಎನ್ನುತ್ತ ಹೊರಡುತ್ತದೆ. ಅದು ಮರೆಯಾದ ಮೇಲೆ ಆಲ್ದೇಯಾ ಹೆಂಟೆಗಳ ಸಾಲನ್ನು ಅಂಗೈಯಿಂದ ತಟ್ಟಿ ನೋಡಿ, ಬರೆಯಲು ಬಂದವರ ಕಡೆ ತಿರುಗುತ್ತಾರೆ.

"ಎಲ್ಲಾ ಸೊಟ್ಟ. ಆದ್ರೆ ನಿಂತಿವೆ, ಅಲ್ವಾ? ಅವನಿಗೆ ಹೇಳ್ಬೇಡಿ. ನಂಗೇನೂ ದೊಡ್ಡ ಆಸೆ ಇಲ್ಲ. ಜುಲೈಯಲ್ಲಿ ಆಸ್ಪತ್ರೆ ಹಾಸಿಗೆ ಮೇಲೆ ಮಲಗಿರ್ತೀನಲ್ಲ, ಹೊರಗೆ ಜೋರು ಗಾಳಿ ಬೀಸುತ್ತೆ ಅಂತಿಟ್ಕೊಳ್ಳಿ. ಎದ್ದು ಕೂರದೆ, ಮಗ್ಗುಲು ಬದಲಿಸಿ ಮತ್ತೆ ಮಲಗಿಬಿಡಬೇಕು. ಅಷ್ಟಾದ್ರೆ ಸಾಕು."